ಒಂದನೆಯ ಎದುರುದಾರ ಕಂಡ ವಿಮಾ ಕಂಪೆನಿಯ ವಕೀಲರು

ಮದುವೆ, ಉಪನಯನ, ನೇಮೋತ್ಸವಗಳಿಗೆ ಪಾತ್ರೆ, ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುವ ಸಣ್ಣ ವ್ಯವಹಾರ ನನ್ನದು. ಅಂಗಡಿ ಉಡುಪಿಯಲ್ಲಿ, ಸಾಮಾನು ಸಾಗಿಸಲು ಇರುವುದು ಒಂದೇ ಒಂದು ಗೂಡ್ಸ್ ಟೆಂಪೊ. 2022ರ ಜೂನ್ ತಿಂಗಳ ಒಂದು ಮಳೆಯ ಸಂಜೆ ಆ ಟೆಂಪೊ ಕಟಪಾಡಿಯ ಹತ್ತಿರ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಂದು ಸ್ಕೂಟರಿಗೆ ಡಿಕ್ಕಿಯಾಗಿ ಸವಾರರ ಎಡಗಾಲು ಮುರಿಯಿತು. ಅಲ್ಲಿಂದ ಮುಂದೆ 2025ರ ಫೆಬ್ರವರಿಯವರೆಗೆ ನಾನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಒಂದನೆಯ ಎದುರುದಾರ, ಅಂದರೆ ಗಾಯಾಳುವಿನ ಅರ್ಜಿಗೆ ಉತ್ತರ ಕೊಡಬೇಕಾದವನು, ಆಗಿದ್ದೆ. ಟೆಂಪೊಗೆ ಪಾಲಿಸಿ ಕೊಟ್ಟ ವಿಮಾ ಕಂಪೆನಿ ಎರಡನೆಯ ಎದುರುದಾರ. ಆ ಕಂಪೆನಿಯ ಪರವಾಗಿ ನಿಂತ ವಕೀಲರ ಕೆಲಸವನ್ನು ಎರಡೂವರೆ ವರ್ಷ ಪಕ್ಕದ ಬೆಂಚಿನಲ್ಲಿ ಕುಳಿತು ನೋಡಿದ್ದೇನೆ. ಇದು ಅವರ ಸೇವೆಯ ವಿಮರ್ಶೆ.

ಅವರ ಹೆಸರನ್ನಾಗಲೀ ಕಂಪೆನಿಯ ಹೆಸರನ್ನಾಗಲೀ ಬರೆಯುವುದಿಲ್ಲ. ವಕೀಲರು ತಮ್ಮ ಕೆಲಸವನ್ನು ಜಾಹೀರಾತು ಮಾಡಿಕೊಳ್ಳಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವಿದೆ, ಮತ್ತು ನನ್ನ ಹೊಗಳಿಕೆಯಿಂದ ಅವರಿಗೆ ಮುಜುಗರವಾಗುವುದು ನನಗೆ ಬೇಡ. ತೆಗಳಿಕೆಯೂ ಸ್ವಲ್ಪ ಇದೆ ಎನ್ನುವುದು ಬೇರೆ ಮಾತು. ವಕೀಲರ ಸೇವೆಯನ್ನು ವಿಮರ್ಶಿಸಬಹುದೇ ಎಂದು ಸ್ನೇಹಿತರೊಬ್ಬರು ಕೇಳಿದರು. ವಕೀಲರು ನೀಡುವ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಮೇ 14ರಂದು ತೀರ್ಪು ಕೊಟ್ಟಿರುವುದು ನಿಜ. ಆದರೆ ಆ ತೀರ್ಪಿನಿಂದ ಮುಚ್ಚಿರುವುದು ಗ್ರಾಹಕ ಆಯೋಗದಲ್ಲಿ ದೂರು ಕೊಡುವ ದಾರಿ ಮಾತ್ರ. ಅನುಭವವನ್ನು ಬರೆದಿಡಲು ಯಾವ ಅಡ್ಡಿಯೂ ಇಲ್ಲ. ಅಲ್ಲದೆ ನಾನು ಅವರ ಕಕ್ಷಿದಾರನೂ ಅಲ್ಲ, ಅವರಿಗೆ ಒಂದು ರೂಪಾಯಿ ಶುಲ್ಕ ಕೊಟ್ಟವನೂ ಅಲ್ಲ. ವರ್ಷವರ್ಷವೂ ನಾನು ಕಟ್ಟುವ ಥರ್ಡ್ ಪಾರ್ಟಿ ಪ್ರೀಮಿಯಮ್ಮಿನ ಯಾವುದೋ ಒಂದು ಕಣ ಅವರ ಶುಲ್ಕವಾಗಿ ಸಂದಿರಬಹುದು, ಅಷ್ಟೆ.

ಅಪಘಾತ ನಡೆದದ್ದು ಉಡುಪಿ ಜಿಲ್ಲೆಯಲ್ಲಾದರೂ ಪ್ರಕರಣ ನಡೆದದ್ದು ಮಂಗಳೂರಿನಲ್ಲಿ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಪ್ರಕಾರ ಗಾಯಾಳು ಅಪಘಾತವಾದ ಸ್ಥಳದಲ್ಲಿ ಅಥವಾ ತಾನು ವಾಸವಿರುವ ಸ್ಥಳದಲ್ಲಿ ಅಥವಾ ಎದುರುದಾರರು ವಾಸವಿರುವ ಸ್ಥಳದಲ್ಲಿ ಅರ್ಜಿ ಹಾಕಬಹುದು. ಗಾಯಾಳು ಮಂಗಳೂರಿನಲ್ಲಿ ಮನೆ ಮಾಡಿಕೊಂಡಿದ್ದ ಗಾರೆ ಕೆಲಸದವರು. ಅವರಿಗೆ ಅದೇ ಅನುಕೂಲ. ಅದರಲ್ಲಿ ತಪ್ಪಿಲ್ಲ, ಆದರೆ ಪ್ರತಿ ವಾಯಿದೆಗೂ ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸು ಹಿಡಿದು ಕರಂಗಲ್ಪಾಡಿಯ ಕೋರ್ಟಿಗೆ ಹೋಗಿ ಬರುವ ಹೊತ್ತಿಗೆ ನನ್ನ ಅರ್ಧ ದಿನ ಹೋಗುತ್ತಿತ್ತು.

ಸಮನ್ಸ್ ಬಂದಾಗ ನಾನು ಮಾಡಿದ ಮೊದಲ ತಪ್ಪನ್ನು ಹೇಳಿಬಿಡುತ್ತೇನೆ, ಏಕೆಂದರೆ ವಾಹನ ಇಟ್ಟುಕೊಂಡ ಹತ್ತರಲ್ಲಿ ಎಂಟು ಮಂದಿ ಅದೇ ತಪ್ಪು ಮಾಡುತ್ತಾರೆ. ಇನ್ಶೂರೆನ್ಸ್ ಇದೆಯಲ್ಲ, ಕಂಪೆನಿ ತನ್ನ ವಕೀಲರನ್ನು ಇಡುತ್ತದೆ, ಅವರೇ ನನ್ನ ಪರವಾಗಿಯೂ ನೋಡಿಕೊಳ್ಳುತ್ತಾರೆ ಎಂದು ಭಾವಿಸಿ, ಪಾಲಿಸಿಯ ಪ್ರತಿ, ಆರ್‌.ಸಿ., ಚಾಲಕರ ಲೈಸೆನ್ಸು ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಅವರ ಕಚೇರಿಗೆ ಹೋದೆ. ಕಾಗದಪತ್ರಗಳನ್ನು ಮೇಜಿನ ಮೇಲೆ ಇಡಲು ಹೊರಟವನನ್ನು ಅವರು ಕೈ ಸನ್ನೆ ಮಾಡಿ ತಡೆದರು. "ನಿಲ್ಲಿ ಮಾರಾಯ್ರೆ. ನಾನು ಕಂಪೆನಿಯ ವಕೀಲ, ನಿಮ್ಮ ವಕೀಲ ಅಲ್ಲ. ಇದರಲ್ಲಿ ನಿಮಗೆ ವಿರುದ್ಧವಾದ ಕಾಗದ ಇದ್ದರೆ ಅದನ್ನು ಕಂಪೆನಿಯ ಪರವಾಗಿ ಉಪಯೋಗಿಸುವುದು ನನ್ನ ಕೆಲಸ. ಮೊದಲು ನಿಮ್ಮದೇ ಒಬ್ಬ ವಕೀಲರನ್ನು ಇಟ್ಟುಕೊಳ್ಳಿ, ಅವರು ನೋಡಿದ ಮೇಲೆ ಕೊಡುವುದಾದರೆ ಕೊಡಿ" ಎಂದರು. ಚೀಲವನ್ನು ಹಾಗೆಯೇ ಎತ್ತಿಕೊಂಡು ಹೊರಗೆ ಬಂದೆ. ಆ ದಿನ ಅವಮಾನವಾದಂತೆ ಅನ್ನಿಸಿತು. ಅದಕ್ಕಿಂತ ದೊಡ್ಡ ಉಪಕಾರವನ್ನು ಇಡೀ ಪ್ರಕರಣದಲ್ಲಿ ನನಗೆ ಯಾರೂ ಮಾಡಲಿಲ್ಲ ಎಂದು ತಿಳಿಯಲು ಎಂಟು ತಿಂಗಳು ಬೇಕಾಯಿತು.

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗನಿಗೆ ಇದನ್ನು ಹೇಳಿದಾಗ ಅವನಿಗೆ ಆಶ್ಚರ್ಯವಾಯಿತು. ಅಲ್ಲಿ ಗಾಯಾಳು ದಾವೆ ಹೂಡುವುದು ಸಾಮಾನ್ಯವಾಗಿ ವಾಹನ ಓಡಿಸಿದವನ ಮೇಲೆ. ವಿಮಾ ಕಂಪೆನಿ ತನ್ನ ಖರ್ಚಿನಲ್ಲಿ ವಕೀಲರನ್ನು ಕೊಡುತ್ತದೆ, ಆ ವಕೀಲರ ಕಕ್ಷಿದಾರ ಪಾಲಿಸಿದಾರನೇ. ಕಂಪೆನಿಗೂ ಪಾಲಿಸಿದಾರನಿಗೂ ಹಿತ ಬೇರೆಯಾದರೆ ಕಂಪೆನಿ ಮುಂಚಿತವಾಗಿಯೇ ಪತ್ರ ಬರೆದು ತನ್ನ ಹಕ್ಕನ್ನು ಕಾಯ್ದಿರಿಸಿಕೊಳ್ಳುತ್ತದೆ. ನಮ್ಮಲ್ಲಿ ಕಂಪೆನಿಯೇ ನೇರವಾಗಿ ಎದುರುದಾರ. ಅದು ಒಂದೇ ಉಸಿರಿನಲ್ಲಿ ಗಾಯಾಳುವಿಗೆ "ನೀನು ಕೇಳಿದಷ್ಟು ಕೊಡುವುದಿಲ್ಲ" ಎಂದೂ ವಾಹನದ ಮಾಲೀಕನಿಗೆ "ನೀನು ಪಾಲಿಸಿಯ ಷರತ್ತು ಮುರಿದಿದ್ದೀಯ, ಕೊಡುವುದಿದ್ದರೆ ನೀನೇ ಕೊಡು" ಎಂದೂ ಹೇಳಬಹುದು. ಈ ಎರಡು ಅಲಗಿನ ಕತ್ತಿಯನ್ನು ಹಿಡಿದಿರುವವರೇ ಪ್ಯಾನಲ್ ವಕೀಲರು, ಅಂದರೆ ಕಂಪೆನಿ ತನ್ನ ಪಟ್ಟಿಗೆ ಸೇರಿಸಿಕೊಂಡ ವಕೀಲರು.

ನನ್ನ ವಿಷಯದಲ್ಲಿ ಎರಡನೆಯ ಅಲಗು ಲೈಸೆನ್ಸಿನದ್ದಾಗಿತ್ತು. ನಮ್ಮ ಚಾಲಕರಲ್ಲಿ ಲಘು ಮೋಟಾರು ವಾಹನದ ಲೈಸೆನ್ಸು ಇತ್ತು, ಸಾರಿಗೆ ವಾಹನ ಓಡಿಸುವ ಪ್ರತ್ಯೇಕ ಅನುಮತಿ ಅದರಲ್ಲಿ ನಮೂದಾಗಿರಲಿಲ್ಲ. 7,500 ಕಿಲೋದೊಳಗಿನ ಸಾರಿಗೆ ವಾಹನಕ್ಕೆ ಆ ಪ್ರತ್ಯೇಕ ನಮೂದು ಬೇಡ ಎಂದು ಮುಕುಂದ್ ದೇವಾಂಗನ್ ಪ್ರಕರಣದಲ್ಲಿ 2017ರಲ್ಲೇ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಹೇಳಿದ್ದರೂ, ಆ ತೀರ್ಪು ಸರಿಯೇ ಎನ್ನುವ ಪ್ರಶ್ನೆ ನನ್ನ ಟೆಂಪೊ ಡಿಕ್ಕಿಯಾಗುವ ಹೊತ್ತಿಗೆ ಸಂವಿಧಾನ ಪೀಠದ ಕಡೆಗೆ ಹೊರಟಿತ್ತು. ಹಾಗಾಗಿ ಕಂಪೆನಿ ಆ ಆಕ್ಷೇಪವನ್ನು ಕೈಬಿಡಲಿಲ್ಲ. ಅದು ಎತ್ತಿಹಿಡಿಯಲ್ಪಟ್ಟಿದ್ದರೆ ಕಂಪೆನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ನನ್ನಿಂದ ವಸೂಲಿ ಮಾಡಬಹುದಿತ್ತು. 2004ರ ಸ್ವರಣ್ ಸಿಂಗ್ ಪ್ರಕರಣದಿಂದ ಗಟ್ಟಿಯಾದ ಈ "ಕೊಟ್ಟು ವಸೂಲಿ ಮಾಡು" ಎನ್ನುವ ಕ್ರಮ ಗಾಯಾಳುವನ್ನು ಕಾಪಾಡುತ್ತದೆ, ಮಾಲೀಕನನ್ನಲ್ಲ. ನನ್ನ ಚೀಲದಲ್ಲಿದ್ದ ಕಾಗದಗಳ ಪೈಕಿ ಆ ಲೈಸೆನ್ಸೂ ಒಂದು. ನಾನಾಗಿಯೇ ಕೊಡಲು ಹೋದದ್ದು ಅದನ್ನೇ.

ಇಷ್ಟು ಹೇಳಿದ ಮೇಲೆ ಈ ವಕೀಲರ ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೋರ್ಟಿನ ಜಗಲಿಯಲ್ಲಿ ಕಾಯುವ ಹೊತ್ತು ದೀರ್ಘವಾದದ್ದು. ಎದುರುಬದುರು ನಿಂತವರೂ ಅಲ್ಲಿ ತುಳುವಿನಲ್ಲಿ ಊರು, ಮನೆ, ಮಳೆ ಮಾತಾಡುತ್ತಾರೆ. ಅವರ ತಂದೆ ಮಂಗಳೂರು–ಉಡುಪಿ ನಡುವಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬಸ್ಸಿನ ಧಣಿಗಳಿಗೆ ಕೋರ್ಟಿನಿಂದ ಇಂಗ್ಲಿಷಿನಲ್ಲಿ ಬರುತ್ತಿದ್ದ ನೋಟಿಸುಗಳನ್ನು ಓದಿ ಹೇಳಲು ಹೈಸ್ಕೂಲಿನಲ್ಲಿದ್ದ ಈ ಹುಡುಗನನ್ನು ಕರೆಸುತ್ತಿದ್ದರಂತೆ. "ಅಪಘಾತದ ಕೇಸು ಎಂದರೆ ಏನೆಂದು ಗೊತ್ತಾಗುವ ಮೊದಲೇ ನಾನು ಇಪ್ಪತ್ತು ಅರ್ಜಿ ಓದಿದ್ದೆ" ಎಂದು ನಗುತ್ತಾ ಹೇಳಿದರು. ಪದವಿಯ ಬಳಿಕ ಮಂಗಳೂರಿನ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾನೂನು ಕಾಲೇಜಿನಲ್ಲಿ ಮೂರು ವರ್ಷದ ಕೋರ್ಸು ಮುಗಿಸಿ, 1998ರಲ್ಲಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡರು. ಆಗ ಈಗಿನಂತೆ ಅಖಿಲ ಭಾರತ ವಕೀಲರ ಪರೀಕ್ಷೆ ಇರಲಿಲ್ಲ. ಅದು ಬಂದದ್ದು 2011ರಲ್ಲಿ.

ಅವರ ವೃತ್ತಿ ಆರಂಭವಾದದ್ದು ವಿಮಾ ಕಂಪೆನಿಯ ಪರವಾಗಿ ಅಲ್ಲ, ಗಾಯಾಳುಗಳ ಪರವಾಗಿ. ಆರು ವರ್ಷ ಒಬ್ಬ ಹಿರಿಯರ ಕಚೇರಿಯಲ್ಲಿ ಜೂನಿಯರ್ ಆಗಿ ಫೈಲು ಹೊತ್ತರು, ವಾಯಿದೆ ತೆಗೆದುಕೊಂಡರು, ಆಸ್ಪತ್ರೆಗೆ ಹೋಗಿ ಗಾಯದ ಪ್ರಮಾಣಪತ್ರಕ್ಕೆ ಕಾದರು. ಆ ಕಾಲದಲ್ಲಿ ಕಂಪೆನಿಯ ಪ್ಯಾನಲಿಗೆ ಕಿರಿಯರು ಸೇರುವುದು ಸುಲಭವಿರಲಿಲ್ಲ. 1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣವಾದ ಮೇಲೆ ಇದ್ದದ್ದು ನಾಲ್ಕೇ ಸರಕಾರಿ ಕಂಪೆನಿಗಳು; ಅವುಗಳ ಕೆಲಸವೆಲ್ಲ ಕೆಲವೇ ಹಿರಿಯ ವಕೀಲರ ಕೈಯಲ್ಲಿತ್ತು. 1999ರ ವಿಮಾ ನಿಯಂತ್ರಣ ಪ್ರಾಧಿಕಾರದ ಕಾಯ್ದೆಯ ಬಳಿಕ ಖಾಸಗಿ ಕಂಪೆನಿಗಳು ಬಂದು, ಅವುಗಳ ಪಾಲಿಸಿಗಳು ಬಂದು, ಆ ಪಾಲಿಸಿಗಳ ವಾಹನಗಳು ಡಿಕ್ಕಿ ಹೊಡೆದು, ಪ್ರಕರಣಗಳು ಕೋರ್ಟಿಗೆ ಬರುವ ಹೊತ್ತಿಗೆ ಹೊಸ ಪ್ಯಾನಲುಗಳು ಬೇಕಾದವು. ಹೀಗೆ ದೆಹಲಿಯಲ್ಲಿ ಆದ ಕಾನೂನು ಬದಲಾವಣೆಯೊಂದು ಐದಾರು ವರ್ಷ ಕಳೆದು ಕರಂಗಲ್ಪಾಡಿಯ ಒಬ್ಬ ಜೂನಿಯರ್ ವಕೀಲರಿಗೆ ಕೆಲಸವಾಗಿ ತಲುಪಿತು. ಪ್ಯಾನಲಿಗೆ ಸೇರಿದವರು ಅದೇ ಕಂಪೆನಿಯ ವಿರುದ್ಧ ಪ್ರಕರಣ ಹಿಡಿಯುವಂತಿಲ್ಲ ಎಂದು ಒಪ್ಪಂದವಿದ್ದುದರಿಂದ, ಕೈಯಲ್ಲಿದ್ದ ಗಾಯಾಳುಗಳ ಫೈಲುಗಳನ್ನು ಅವರು ಬೇರೆಯವರಿಗೆ ಒಪ್ಪಿಸಿದರಂತೆ.

ಪ್ಯಾನಲ್ ವಕೀಲರು ಕಂಪೆನಿಯ ನೌಕರರಲ್ಲ. ಪೂರ್ಣಾವಧಿ ಸಂಬಳದ ನೌಕರರು ವಕೀಲಿ ಮಾಡುವಂತಿಲ್ಲ ಎಂಬುದು ಪರಿಷತ್ತಿನ ನಿಯಮ. ಇವರಿಗೆ ಸಿಗುವುದು ಕಂಪೆನಿಯ ದರಪಟ್ಟಿಯ ಪ್ರಕಾರ ಪ್ರಕರಣಕ್ಕೆ ಇಷ್ಟು ಎಂಬ ಶುಲ್ಕ. ಹತ್ತು ವಾಯಿದೆ ಆದರೂ ನಲವತ್ತು ವಾಯಿದೆ ಆದರೂ ಮೊತ್ತ ಹೆಚ್ಚು ಬದಲಾಗುವುದಿಲ್ಲ. ಅಮೆರಿಕದಲ್ಲಿ ಗಂಟೆಗೆ ಲೆಕ್ಕ ಹಾಕಿ ಬಿಲ್ಲು ಮಾಡುವ ಪದ್ಧತಿ ಇದೆ ಎಂದು ಅಕ್ಕನ ಮಗ ಹೇಳಿದ್ದನ್ನು ಅವರಿಗೆ ತಿಳಿಸಿದಾಗ, "ಇಲ್ಲಿ ಗಂಟೆಗೆ ಬಿಲ್ಲು ಮಾಡಿದರೆ ಜಗಲಿಯಲ್ಲಿ ಕಾದದ್ದಕ್ಕೇ ಲಕ್ಷ ಆಗಬಹುದು" ಎಂದರು. ಅಪಘಾತದ ಪ್ರಕರಣಗಳಲ್ಲದೆ ಗ್ರಾಹಕ ಆಯೋಗದಲ್ಲಿ ಮೆಡಿಕ್ಲೈಮ್ ತಕರಾರು, ಕಾರ್ಮಿಕರ ಪರಿಹಾರ, ಮೀನುಗಾರಿಕಾ ಬೋಟಿನ ವಿಮೆ ಇವೂ ಅವರ ಮೇಜಿನ ಮೇಲೆ ಇರುತ್ತವೆ. ಬೋಟಿನ ಪ್ರಕರಣಗಳ ಬಗ್ಗೆ ಅವರಿಗೆ ವಿಶೇಷ ಆಸಕ್ತಿ. ರಸ್ತೆಯಲ್ಲಿ ಮಹಜರು ಮಾಡಬಹುದು, ಸಮುದ್ರದಲ್ಲಿ ಮುಳುಗಿದ ಬೋಟಿನ ಮಹಜರು ಹೇಗೆ ಮಾಡುತ್ತೀರಿ ಎಂದು ಕೇಳುತ್ತಿದ್ದರು.

ಈಗ ಕೆಲಸದ ಗುಣಮಟ್ಟಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಅವರ ಮುಖ್ಯ ಗುಣ ಫೈಲನ್ನು ಓದುವ ಕ್ರಮ. ನಾವು ದೂರಿನಿಂದ ಓದಲು ಆರಂಭಿಸುತ್ತೇವೆ. ಅವರು ಆಸ್ಪತ್ರೆಯ ಕಾಗದದಿಂದ ಆರಂಭಿಸುತ್ತಾರೆ. ಗಾಯಾಳುವನ್ನು ಮೊದಲು ನೋಡಿದ ವೈದ್ಯರು ರಿಜಿಸ್ಟರಿನಲ್ಲಿ "ಹೇಗೆ ಗಾಯವಾಯಿತು, ಯಾರು ಕರೆತಂದರು, ಎಷ್ಟು ಗಂಟೆಗೆ" ಎಂದು ಬರೆದುಕೊಂಡಿರುತ್ತಾರೆ, ಆ ಹೊತ್ತಿನಲ್ಲಿ ಯಾರ ತಲೆಯಲ್ಲೂ ಪರಿಹಾರದ ಯೋಚನೆ ಇರುವುದಿಲ್ಲ. ಜೂನಿಯರ್ ಆಗಿದ್ದಾಗ ಅವರ ಕೈಗೆ ಬಂದ ಒಂದು ಫೈಲಿನಲ್ಲಿ ಆಸ್ಪತ್ರೆಯ ದಾಖಲೆ "ಬೈಕಿನಿಂದ ತಾನೇ ಬಿದ್ದು" ಎಂದಿದ್ದರೆ, ಒಂಬತ್ತು ದಿನ ತಡವಾಗಿ ಕೊಟ್ಟ ದೂರಿನಲ್ಲಿ ನೆರೆಮನೆಯವರ ಜೀಪು ಬಂದು ಸೇರಿಕೊಂಡಿತ್ತಂತೆ. ಆ ಪಾಠ ಅಲ್ಲಿ ಕಲಿತದ್ದು ಎಂದರು. ನನ್ನ ಪ್ರಕರಣದಲ್ಲಿ ಅಂಥ ಮೋಸವೇನೂ ಇರಲಿಲ್ಲ. ಗಾಯವೂ ನಿಜ, ಟೆಂಪೊವೂ ನಿಜ. ಆದರೆ ದೂರು ಕೊಟ್ಟವರು ಗಾಯಾಳುವಿನ ಸಂಬಂಧಿಕರು, ಅವರು ಸ್ಥಳದಲ್ಲಿರಲಿಲ್ಲ, ಮತ್ತು ಟೆಂಪೊ ಹಿಂದಿನಿಂದ ಬಂದು ಗುದ್ದಿತು ಎಂದು ಬರೆಸಿದ್ದರು.

ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಟೆಂಪೊದ ಮುಂಭಾಗದ ಎಡ ಮೂಲೆಗೆ ಹಾನಿ, ಸ್ಕೂಟರಿನ ಮುಂಭಾಗಕ್ಕೆ ಹಾನಿ ಎಂದಿತ್ತು. ಸ್ಕೂಟರಿನ ಹಿಂಭಾಗದ ಬಗ್ಗೆ ಒಂದು ಗೀರಿನ ಉಲ್ಲೇಖವೂ ಇರಲಿಲ್ಲ. ನಾನು ಆ ವರದಿಯನ್ನು ನಾಲ್ಕು ಸಲ ಓದಿದ್ದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವರು ಒಂದು ಭಾನುವಾರ ಸ್ವತಃ ಕಟಪಾಡಿಗೆ ಬಂದು, ಹೆದ್ದಾರಿಯ ಮಧ್ಯದ ತೆರವು ಎಲ್ಲಿದೆ, ಅಲ್ಲಿಗೆ ಹೋಗಿ ತಿರುಗಿಸಿ ಬರುವುದಕ್ಕೆ ಸೋಮಾರಿತನಪಟ್ಟು ಜನ ಎಲ್ಲಿಂದ ಎಲ್ಲಿಯವರೆಗೆ ಎದುರು ದಿಕ್ಕಿನಲ್ಲಿ ಸ್ಕೂಟರು ಓಡಿಸುತ್ತಾರೆ ಎಂದು ಅರ್ಧ ಗಂಟೆ ನಿಂತು ನೋಡಿ ಹೋದರು. ಚತುಷ್ಪಥವಾದ ಮೇಲೆ ನಮ್ಮೂರಿನ ಹೆದ್ದಾರಿಯಲ್ಲಿ ಇದು ದಿನನಿತ್ಯದ ದೃಶ್ಯ. ನಾನೂ ಒಂದೆರಡು ಸಲ ಹಾಗೆ ಓಡಿಸಿದವನೇ. ಎದುರು ದಿಕ್ಕಿನಲ್ಲಿ ರಸ್ತೆಯ ಅಂಚು ಹಿಡಿದು ಬರುವ ಸ್ಕೂಟರಿಗೆ ಟೆಂಪೊ ಎಡಭಾಗದಲ್ಲಿ ಸಿಗುತ್ತದೆ, ಹಾಗಾಗಿ ಎಡಗಾಲಿಗೇ ಪೆಟ್ಟು. ಹಿಂದಿನಿಂದ ಗುದ್ದಿದ್ದರೆ ಈ ಹಾನಿಗಳು ಹೊಂದುವುದಿಲ್ಲ.

ಪಾಟೀಸವಾಲು ಮಾಡಿದ ರೀತಿಯೂ ಗಮನಿಸಬೇಕಾದದ್ದು. ಸಿನಿಮಾದಲ್ಲಿ ನೋಡಿದ ಗದ್ದಲ ನಿರೀಕ್ಷಿಸಿದ್ದ ನನಗೆ ನಿರಾಶೆಯಾಯಿತು. ಮನೆ ಎಲ್ಲಿ, ಕೆಲಸಕ್ಕೆ ಹೋದದ್ದು ಎಲ್ಲಿಗೆ, ಅಲ್ಲಿಂದ ಹೊರಟು ಹೆದ್ದಾರಿಗೆ ಎಲ್ಲಿ ಸೇರಿದಿರಿ, ಪೆಟ್ರೋಲ್ ಹಾಕಿಸಿದ್ದು ಯಾವ ಬದಿಯ ಬಂಕಿನಲ್ಲಿ ಎಂದು ಮೆಲ್ಲನೆ ಕೇಳುತ್ತಾ ಹೋದರು. ಗಾಯಾಳು ಎಲ್ಲದಕ್ಕೂ ಪ್ರಾಮಾಣಿಕವಾಗಿ ಉತ್ತರಿಸಿದರು. ಕೊನೆಗೆ ಆ ಉತ್ತರಗಳನ್ನು ಜೋಡಿಸಿದರೆ ಸ್ಕೂಟರು ಆ ಹೊತ್ತಿಗೆ ಆ ಬದಿಯಲ್ಲಿ ಇರಬೇಕಾದರೆ ಎದುರು ದಿಕ್ಕಿನಲ್ಲೇ ಬಂದಿರಬೇಕು ಎಂದಾಗುತ್ತಿತ್ತು. "ನೀವು ಸುಳ್ಳು ಹೇಳುತ್ತಿದ್ದೀರಿ" ಎಂಬ ಮಾತನ್ನು, ಪದ್ಧತಿಯಂತೆ ಕಡೆಯಲ್ಲಿ ಹಾಕಲೇಬೇಕಾದ ಸೂಚನೆಯ ಹೊರತು, ಅವರು ಒಮ್ಮೆಯೂ ಆಡಲಿಲ್ಲ.

ಕ್ರಿಮಿನಲ್ ಪ್ರಕರಣದ ವಿಷಯದಲ್ಲೂ ಒಂದು ಸಂಗತಿ ಇದೆ. ಇಂಥ ಅಪಘಾತಗಳಲ್ಲಿ ಪೊಲೀಸರು ಚಾಲಕನ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸಿದಾಗ, ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸಿಬಿಡು ಎಂದು ಮಾಲೀಕರು ಹೇಳುವುದು ವಾಡಿಕೆ. ಕಟ್ಟುವುದು ಕೆಲವು ಸಾವಿರ, ಅಲೆದಾಟ ತಪ್ಪುತ್ತದೆ. ಆದರೆ ಆ ತಪ್ಪೊಪ್ಪಿಗೆಯ ಪ್ರತಿಯನ್ನು ಗಾಯಾಳುವಿನ ವಕೀಲರು ಪರಿಹಾರದ ಪ್ರಕರಣದಲ್ಲಿ ಹಾಜರುಪಡಿಸಿದರೆ, ಸವಾರನದೂ ತಪ್ಪಿತ್ತು ಎಂಬ ವಾದಕ್ಕೆ ಬಲ ಉಳಿಯುವುದಿಲ್ಲ. ನನ್ನ ವಕೀಲರು ಇದನ್ನು ಹೇಳುವ ಮೊದಲು ನಮ್ಮ ಚಾಲಕರು ಒಪ್ಪಿಕೊಳ್ಳಲು ಸಿದ್ಧರಾಗಿಯೇ ಇದ್ದರು. ಕಂಪೆನಿ ಪಾಲಿಸಿಯ ಜೊತೆಗೆ ಹತ್ತು ಪುಟ ಸಣ್ಣ ಅಕ್ಷರದ ಷರತ್ತು ಕಳಿಸುತ್ತದೆ. ಈ ಒಂದು ಸಾಲನ್ನು ಯಾಕೆ ದಪ್ಪಕ್ಷರದಲ್ಲಿ ಬರೆಯುವುದಿಲ್ಲವೋ ತಿಳಿಯದು.

ಪರಿಹಾರದ ಲೆಕ್ಕಕ್ಕೆ ಬಂದಾಗ ಜಗಳ ಇದ್ದದ್ದು ಶೇಕಡಾವಾರಿನಲ್ಲಿ. ಗಾಯಾಳುವಿಗೆ 34 ವರ್ಷ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮ ಪ್ರಕರಣದ ಕೋಷ್ಟಕದಂತೆ ಆ ವಯಸ್ಸಿಗೆ ಗುಣಕ, ಅಂದರೆ ವರ್ಷದ ಸಂಪಾದನೆಯನ್ನು ಗುಣಿಸಬೇಕಾದ ಸಂಖ್ಯೆ, 16. ಸಂಪಾದನೆಗೆ ಕಾಗದದ ಆಧಾರವಿಲ್ಲದ ಕಾರಣ ನ್ಯಾಯಮಂಡಳಿ ತಿಂಗಳಿಗೆ 15,000 ರೂಪಾಯಿ ಎಂದು ಅಂದಾಜಿಸಿತು. ವರ್ಷಕ್ಕೆ 1,80,000, ಅದಕ್ಕೆ 16ರಿಂದ ಗುಣಿಸಿದರೆ 28,80,000. ಇದರಲ್ಲಿ ಅಂಗವೈಕಲ್ಯದ ಶೇಕಡಾ ಎಷ್ಟೋ ಅಷ್ಟು ಭವಿಷ್ಯದ ಸಂಪಾದನೆಯ ನಷ್ಟ. ವೈದ್ಯರು ಕಾಲಿಗೆ ಶೇ. 42 ಎಂದು ಸಾಕ್ಷಿ ಹೇಳಿದ್ದರು. ಅದನ್ನೇ ಹಿಡಿದರೆ 12,09,600 ರೂಪಾಯಿ. ಒಂದು ಕಾಲಿನ ವೈಕಲ್ಯವನ್ನು ಇಡೀ ದೇಹಕ್ಕೆ ಲೆಕ್ಕ ಹಾಕುವಾಗ ಸುಮಾರು ಮೂರನೆಯ ಒಂದು ಭಾಗ ಹಿಡಿಯುವುದು ರೂಢಿ ಎಂದು ಕಂಪೆನಿಯ ವಕೀಲರು ವಾದಿಸಿ ಶೇ. 14 ಎಂದರು, ಅಂದರೆ 4,03,200. ಗಾಯಾಳುವಿನ ವಕೀಲರು 2010ರ ರಾಜ್ ಕುಮಾರ್ ಪ್ರಕರಣವನ್ನು ಎತ್ತಿ, ದೇಹದ ಶೇಕಡಾ ಬೇರೆ, ದುಡಿಮೆಯ ಮೇಲೆ ಅದು ಬೀರುವ ಪರಿಣಾಮ ಬೇರೆ, ಸಾರುವೆ ಹತ್ತಿ ನಿಲ್ಲಬೇಕಾದ ಗಾರೆ ಕೆಲಸದವನ ಕಾಲನ್ನು ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವನ ಕಾಲಿನಂತೆ ತೂಗಬಾರದು ಎಂದರು. ನ್ಯಾಯಮಂಡಳಿ ಶೇ. 20 ಎಂದು ತೀರ್ಮಾನಿಸಿತು, 5,76,000. ಆಸ್ಪತ್ರೆ ಖರ್ಚು, ನೋವು, ಇತರ ಬಾಬ್ತುಗಳು ಇದಕ್ಕೆ ಪ್ರತ್ಯೇಕ. ಒಟ್ಟು ಮೊತ್ತದಲ್ಲಿ ಸವಾರರ ಪಾಲಿನ ನಿರ್ಲಕ್ಷ್ಯವೆಂದು ಕಾಲು ಭಾಗ ಕಡಿತವಾಯಿತು.

ಈ ಜಾಗದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಇಬ್ಬಗೆಯದು. ಶೇ. 14 ಎಂದು ವಾದಿಸುವುದು ಅವರ ಕೆಲಸವಾಗಿತ್ತು, ಸಮರ್ಥವಾಗಿ ಮಾಡಿದರು. ಆದರೆ ಶಾಮಿಯಾನದ ಕಂಬ ನೆಡುವ ಹುಡುಗರನ್ನು ಇಪ್ಪತ್ತು ವರ್ಷದಿಂದ ನೋಡುತ್ತಿರುವ ನನಗೆ, ಕಾಲು ಸರಿಯಿಲ್ಲದವನಿಗೆ ಏಣಿಯ ಕೆಲಸ ಯಾರೂ ಕೊಡುವುದಿಲ್ಲವೆಂದು ಗೊತ್ತು. ಶೇ. 20 ಕೂಡ ನನಗೆ ಕಡಿಮೆಯೆಂದೇ ಕಂಡಿತು. ಹಣ ಕೊಡಬೇಕಾದವರ ಸಾಲಿನಲ್ಲಿ ನಿಂತು ನಾನು ಹೀಗೆ ಹೇಳುವುದು ವಿಚಿತ್ರವೆನಿಸಬಹುದು.

ಇನ್ನು ಆಕ್ಷೇಪಗಳು. ಮೊದಲನೆಯದು ಅವರು ಸಲ್ಲಿಸಿದ ಲಿಖಿತ ಹೇಳಿಕೆ. ಅದರಲ್ಲಿ ಅಪಘಾತವೇ ನಡೆದಿಲ್ಲ, ನಡೆದಿದ್ದರೆ ಈ ವಾಹನದಿಂದ ಅಲ್ಲ, ಈ ವಾಹನದಿಂದಾಗಿದ್ದರೆ ಗಾಯ ಅಷ್ಟಿಲ್ಲ, ಗಾಯವಿದ್ದರೆ ಚಿಕಿತ್ಸೆಗೆ ಅಷ್ಟು ಖರ್ಚಾಗಿಲ್ಲ ಎಂದು ಒಂದಾದ ಮೇಲೊಂದು ನಿರಾಕರಣೆ. ಕೀಲು ಕೂಡಿಸಿದ ಕಾಲನ್ನು ಎಳೆದುಕೊಂಡು ಕೋರ್ಟಿಗೆ ಬರುವ ಮನುಷ್ಯನ ಎದುರಿನಲ್ಲಿ ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಸ್ಪಷ್ಟವಾಗಿ ನಿರಾಕರಿಸದ ಸಂಗತಿಯನ್ನು ಒಪ್ಪಿಕೊಂಡಂತೆ ಎಣಿಸುತ್ತಾರೆ, ಅದು ಸಿವಿಲ್ ಪ್ರಕ್ರಿಯೆಯ ನಿಯಮ ಎಂದು ಅವರು ವಿವರಿಸಿದರು. ನಿಯಮ ಇರಲಿ, ಎಲ್ಲ ಫೈಲಿಗೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹೇಳಿಕೆ ಅದು ಎನ್ನುವುದಕ್ಕೆ, ನನ್ನ ಗೂಡ್ಸ್ ಟೆಂಪೊವನ್ನು ಒಂದು ಕಡೆ "ಸದರಿ ಬಸ್ಸು" ಎಂದು ಬರೆದದ್ದೇ ಸಾಕ್ಷಿ.

ಎರಡನೆಯದು ಭಾಷೆ. ನ್ಯಾಯಮಂಡಳಿಯಲ್ಲಿ ಸಾಕ್ಷಿಯ ಮಾತು ಕನ್ನಡ, ಜಗಲಿಯಲ್ಲಿ ತುಳು, ಕೊಂಕಣಿ, ಬ್ಯಾರಿ. ಕಾಗದ ಮಾತ್ರ ಇಂಗ್ಲಿಷ್. ಮೂವತ್ತು ವರ್ಷದ ಹಿಂದೆ ಬಸ್ಸಿನ ಧಣಿಗಳಿಗೆ ನೋಟಿಸು ಓದಿ ಹೇಳಿದ ಹುಡುಗ ಈಗ ಅದೇ ಇಂಗ್ಲಿಷಿನಲ್ಲಿ ನೋಟಿಸಿಗೆ ಉತ್ತರ ಬರೆಯುತ್ತಾರೆ ಎಂದು ನಾನು ಚುಚ್ಚಿದಾಗ ಅವರು ನಕ್ಕರೇ ಹೊರತು ಉತ್ತರಿಸಲಿಲ್ಲ. ಮೂರನೆಯದು ವಾಯಿದೆಗಳು: ಅವರ ಜೂನಿಯರ್ "ಕಂಪೆನಿಯಿಂದ ಸೂಚನೆ ಬಂದಿಲ್ಲ" ಎಂದು ನಾಲ್ಕು ಸಲ ಸಮಯ ಕೇಳಿದರು, ಆ ನಾಲ್ಕೂ ಸಲ ನಾನು ಉಡುಪಿಯಿಂದ ಬಂದಿದ್ದೆ. ಒಮ್ಮೆ ಲೋಕ ಅದಾಲತ್ತಿನಲ್ಲಿ ರಾಜಿಗೆ ಕುಳಿತಾಗಲೂ ಕಂಪೆನಿಯ ಅಧಿಕಾರಿ ಒಪ್ಪಬಹುದಾದ ಮೊತ್ತದ ಮಂಜೂರಾತಿ ಇಲ್ಲದೆ ಬಂದಿದ್ದರಿಂದ ಮಾತು ಮುರಿಯಿತು. ಅಲ್ಲಿ ಆಗುವ ರಾಜಿಗೆ ಮೇಲ್ಮನವಿಯೇ ಇಲ್ಲ, ಎಲ್ಲರಿಗೂ ಅಂದೇ ಮುಗಿಯುತ್ತಿತ್ತು. ಇದು ವಕೀಲರ ತಪ್ಪೋ ಕಂಪೆನಿಯದೋ ಎಂದು ವಿಂಗಡಿಸುವುದು ನನ್ನಂಥವನಿಗೆ ಕಷ್ಟ. ಕಚೇರಿಯ ಗುಮಾಸ್ತರು ಫೋನು ಎತ್ತುವುದು ಅಪರೂಪ, ಎತ್ತಿದರೂ ಮಾತು ಗಡುಸು.

ಇಷ್ಟೆಲ್ಲ ಇದ್ದೂ ಅವರ ಬಗ್ಗೆ ಗೌರವ ಉಳಿದದ್ದು ಲೈಸೆನ್ಸಿನ ವಿಷಯದಲ್ಲಿ ಅವರು ನಡೆದುಕೊಂಡ ರೀತಿಯಿಂದ. ಕಂಪೆನಿಯ ಸೂಚನೆಯಂತೆ ಅವರು ಆರ್‌.ಟಿ.ಒ. ಕಚೇರಿಯ ಸಿಬ್ಬಂದಿಯನ್ನು ಸಾಕ್ಷಿಯಾಗಿ ಕರೆಸಿ ನಮೂದು ಇಲ್ಲವೆಂಬುದನ್ನು ದಾಖಲೆಗೆ ತಂದಿದ್ದರು. ಅಂದು ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಟೆಂಪೊ ಮಾರಿದರೂ ಸಾಲದ ಮೊತ್ತ ಅದು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ರಂಭಾ ದೇವಿ ಪ್ರಕರಣದಲ್ಲಿ 2017ರ ತೀರ್ಪನ್ನೇ ಎತ್ತಿಹಿಡಿದು, 7,500 ಕಿಲೋದೊಳಗಿನ ಸಾರಿಗೆ ವಾಹನಕ್ಕೆ ಲಘು ವಾಹನದ ಲೈಸೆನ್ಸೇ ಸಾಕು ಎಂದಿತು. ಮರುದಿನ ಬೆಳಿಗ್ಗೆ ನನ್ನ ವಕೀಲರು ಕೇಳುವ ಮೊದಲೇ ಕಂಪೆನಿಯ ವಕೀಲರು ತಾವಾಗಿಯೇ ಅವರಿಗೆ ಫೋನು ಮಾಡಿ, ಕಂಪೆನಿಗೆ ಬರೆದಿದ್ದೇನೆ, ಆ ಆಕ್ಷೇಪವನ್ನು ಇನ್ನು ಒತ್ತುವುದಿಲ್ಲ ಎಂದು ತಿಳಿಸಿದರಂತೆ. ಮುಂದಿನ ವಾಯಿದೆಯಲ್ಲಿ ಹಾಗೆಯೇ ನಡೆದುಕೊಂಡರು. ಕಾನೂನು ತಿರುಗಿದ ಮೇಲೂ ವಾದವನ್ನು ಎಳೆದು, ವಾಹನದ ತೂಕಕ್ಕೆ ಪುರಾವೆ ಇಲ್ಲ ಎಂದೋ ಮತ್ತೇನೋ ಹೇಳಿ ಎರಡು ವರ್ಷ ಸವೆಸುವವರನ್ನು ಅದೇ ಜಗಲಿಯಲ್ಲಿ ನೋಡಿದ್ದೇನೆ.

2025ರ ಫೆಬ್ರವರಿಯಲ್ಲಿ ತೀರ್ಪು ಬಂತು, ಹಣ ಕಟ್ಟುವ ಹೊಣೆ ಕಂಪೆನಿಯ ಮೇಲೆ ಬಿತ್ತು. ಹೈಕೋರ್ಟಿಗೆ ಮೇಲ್ಮನವಿ ಹಾಕಲು 90 ದಿನ ಇರುತ್ತದೆ, ನಮ್ಮ ಕರಾವಳಿಯವರು ಅದಕ್ಕೆ ಬೆಂಗಳೂರಿಗೇ ಹೋಗಬೇಕು. ಕಂಪೆನಿ ಹೋಗುತ್ತದೆಯೇ ಎಂದು ಕೋರ್ಟಿನ ಹೊರಗೆ ಅವರನ್ನು ಕೇಳಿದೆ. "ಹೋಗುವುದು ಬೇಡ ಎಂದು ಅಭಿಪ್ರಾಯ ಬರೆದು ಕಳಿಸುತ್ತೇನೆ, ತೀರ್ಮಾನ ಅವರದ್ದು" ಎಂದರು. ಮೇ ತಿಂಗಳ ಕೊನೆಯಲ್ಲಿ ಅವರ ಗುಮಾಸ್ತರಿಂದ, ಆ ಗಡುಸು ಗುಮಾಸ್ತರಿಂದಲೇ, ನನ್ನ ಫೋನಿಗೆ ಒಂದು ಸಾಲಿನ ಸಂದೇಶ ಬಂತು: ಮೇಲ್ಮನವಿ ಇಲ್ಲ, ಹಣ ಠೇವಣಿಯಾಗಿದೆ.